ಹೊರರಾಜ್ಯದ ಮೆಡಿಕಲ್ ಕಾಲೇಜು: ಎರಡನೇ ಸಲ ನಾನು ಬದಲಿಸಿದ್ದು

ನಾನು ಕ್ಯಾಲಿಫೋರ್ನಿಯಾದವಳು. ಇಲ್ಲಿ ಮೆಡಿಕಲ್‌ಗೆ ಅರ್ಜಿ ಹಾಕುವವರು ಜಾಸ್ತಿ, ಸೀಟು ಕಡಿಮೆ. ಅದಕ್ಕೇ ಮೊದಲ ವರ್ಷ ಬೇರೆ ರಾಜ್ಯಗಳ 14 ಸರ್ಕಾರಿ ಕಾಲೇಜುಗಳಿಗೂ ಹಾಕಿದೆ. ಒಂದರಿಂದಲೂ ಸಂದರ್ಶನಕ್ಕೆ ಕರೆ ಬರಲಿಲ್ಲ. ತುಂಬಾ ಅತ್ತೆ.

ತಪ್ಪಿದ್ದು ನನ್ನ ಪಟ್ಟಿಯಲ್ಲಿ. ರಾಜ್ಯದ ದುಡ್ಡಲ್ಲಿ ನಡೆಯುವ ಕಾಲೇಜುಗಳು ಮೊದಲು ತಮ್ಮ ರಾಜ್ಯದವರನ್ನೇ ನೋಡುತ್ತವೆ, ಅಲ್ವಾ? ಟೆಕ್ಸಾಸ್‌ನ ಬಹುಪಾಲು ಸರ್ಕಾರಿ ಕಾಲೇಜುಗಳಲ್ಲಂತೂ ಹೊರಗಿನವರಿಗೆ ಹೆಚ್ಚೆಂದರೆ ಶೇ. 10 ಸೀಟು.

ಎರಡನೇ ವರ್ಷ ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘವಾದ ಎಎಎಂಸಿಯ ಎಂಎಸ್‌ಎಆರ್ ಅನ್ನೋ ಆನ್‌ಲೈನ್ ಕಾಲೇಜು-ಮಾಹಿತಿ ಪಟ್ಟಿಗೆ ದುಡ್ಡು ಕಟ್ಟಿದೆ. ಅದರಲ್ಲಿ ಪ್ರತಿ ಕಾಲೇಜಿನ ಹೊರರಾಜ್ಯದವರ ಲೆಕ್ಕ ಬೇರೆಯಾಗಿ ಸಿಗುತ್ತದೆ: ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರನ್ನು ಸಂದರ್ಶನಕ್ಕೆ ಕರೆದರು, ಎಷ್ಟು ಜನ ಸೇರಿದರು. ನಾನೂ ಅಮ್ಮನೂ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಅಮ್ಮ ಅಂಕಿ ಓದಿದಳು, ನಾನು ಭಾಗಿಸಿದೆ. ನೂರಕ್ಕೆ ಐದು ಹೊರಗಿನವರನ್ನೂ ಕರೆಯದ ಕಾಲೇಜಿನ ಸಾಲಿಗೆ ಕೆಂಪು ಬಣ್ಣ. ಹಳೇ ಪಟ್ಟಿಯ 14ರಲ್ಲಿ 11 ಕೆಂಪಾದವು. ಅಮ್ಮ ಏನೂ ಹೇಳಲಿಲ್ಲ, ಸುಮ್ನೆ ಬೆನ್ನು ಸವರಿದಳು.

ಆ ಜಾಗಕ್ಕೆ ಖಾಸಗಿ ಕಾಲೇಜುಗಳನ್ನು ಹಾಕಿದೆ. ಬಹುಪಾಲು ಖಾಸಗಿಯವರಿಗೆ ನೀವು ಯಾವ ರಾಜ್ಯದವರು ಅನ್ನೋದು ಅಷ್ಟು ಮುಖ್ಯವಲ್ಲ. ಹಳೇ ಪಟ್ಟಿಯಲ್ಲಿ ಉಳಿದ ಮೂರರಲ್ಲಿ ಓಹಾಯೋದ್ದು ಒಂದು. ಅಲ್ಲಿ ಚಿಕ್ಕಮ್ಮನ ಮನೆಯಿದೆ. ಎರಡು ಬೇಸಿಗೆ ಅಲ್ಲೇ ಇದ್ದು, ಒಂದು ಉಚಿತ ಕ್ಲಿನಿಕ್‌ನಲ್ಲಿ ರೋಗಿಗಳ ಬಿಪಿ ನೋಡಿ ಬರೆದುಕೊಳ್ಳುತ್ತಿದ್ದೆ. ಸೆಕೆಂಡರಿಯಲ್ಲಿ, ಅಂದರೆ ಮುಖ್ಯ ಅರ್ಜಿಯ ನಂತರ ಕಾಲೇಜು ತಾನೇ ಕಳಿಸುವ ಅರ್ಜಿಯಲ್ಲಿ, ‘ನಮ್ಮ ರಾಜ್ಯವೇ ಯಾಕೆ’ ಅನ್ನೋ ಪ್ರಶ್ನೆಗೆ ಅದನ್ನೇ ಬರೆದೆ. ಮೊದಲ ಸಲ ಈ ಮಾತೇ ಬಿಟ್ಟುಹೋಗಿತ್ತು.

ಜೂನ್ ಮೊದಲ ವಾರವೇ ಅರ್ಜಿ ಕಳಿಸಿದೆ. 4 ಸಂದರ್ಶನ ಬಂದವು. ಮೊದಲ ಕರೆ ಓಹಾಯೋದಿಂದ.