ಶಾಸನ ಓದುವವರ ಜೊತೆ ಬಳ್ಳಿಗಾವೆ ನೋಡಿದ್ದು

ಕೆಲವು ವರ್ಷಗಳ ಹಿಂದೆ ಶಿರಾಳಕೊಪ್ಪದ ಮದುವೆಯೊಂದಕ್ಕೆ ಹೋಗಿದ್ದಾಗ, ಊಟಕ್ಕೆ ಇನ್ನೂ ಹೊತ್ತಿದೆಯೆಂದು ಪಕ್ಕದ ಬಳ್ಳಿಗಾವೆಗೆ ಹೋಗಿ, ಕೇದಾರೇಶ್ವರನಿಗೆ ಕೈಮುಗಿದು, ಅರ್ಧ ಗಂಟೆಯಲ್ಲಿ ಹಿಂತಿರುಗಿದ್ದೆ. ಬನವಾಸಿ ಹನ್ನೆರಡು ಸಾವಿರ ಎಂಬ ಪ್ರಾಂತ್ಯದ ರಾಜಧಾನಿಯಾಗಿದ್ದ, ದಕ್ಷಿಣ ಕೇದಾರವೆನಿಸಿದ್ದ ಪಟ್ಟಣದಲ್ಲಿ ಆಗ ನನಗೆ ಕಂಡದ್ದು ಒಂದು ಹಳ್ಳಿ, ಒಂದು ಕೆರೆ, ಒಂದೆರಡು ಗುಡಿ. ಕಳೆದ ಚಳಿಗಾಲದಲ್ಲಿ ಅದೇ ಊರಿಗೆ ಒಂದು ಇಡೀ ದಿನವೂ ಸಾಲಲಿಲ್ಲ. ಈ ಸಲ ಶಾಸನಗಳನ್ನು ಕಲ್ಲಿನ ಮೇಲೆಯೇ ಓದಬಲ್ಲ ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರು ದಾರಿ ತೋರಿಸಲು ಜೊತೆಗಿದ್ದರು.

ಅಕ್ಕ, ಭಾವ ಮತ್ತು ನಾನು ಬೆಳಗಿನ ಆರಕ್ಕೆ ಶಿವಮೊಗ್ಗ ಬಿಟ್ಟೆವು. ಬಳ್ಳಿಗಾವೆಗೆ ಸುಮಾರು 70 ಕಿಲೋಮೀಟರ್ ದಾರಿ. ಶಿಕಾರಿಪುರದಲ್ಲಿ ತಿಂಡಿ ಮುಗಿಸಿ, ಮಧ್ಯಾಹ್ನಕ್ಕೆ ಚಿತ್ರಾನ್ನ, ಮೊಸರನ್ನ ಕಟ್ಟಿಸಿಕೊಂಡೆವು. ನೇರವಾಗಿ ಬಳ್ಳಿಗಾವೆಗೆ ಹೋಗುವುದೆಂದು ನಾನು ಎಣಿಸಿದ್ದೆ, ಮೇಷ್ಟ್ರು ಮಾತ್ರ, "ಮೊದಲು ತಾಳಗುಂದ. ಅಜ್ಜನನ್ನು ಮಾತಾಡಿಸದೆ ಮೊಮ್ಮಗನ ಮನೆಗೆ ಹೋಗಬಾರದು" ಎಂದರು.

ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಎಂಟು ಮುಖದ ಕಂಬದ ಮೇಲೆ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯವಿದೆ. ಐದನೆಯ ಶತಮಾನದ ಈ ಅಕ್ಷರಗಳು ಬುಡದಿಂದ ಮೇಲಕ್ಕೆ ಸಾಗುವುದರಿಂದ, ಓದಲು ಕತ್ತು ವಾಲಿಸಿಯೇ ನಿಲ್ಲಬೇಕು. ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ಮಯೂರಶರ್ಮನು ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆಯನ್ನು ಶಾಲೆಯ ಪಾಠದಲ್ಲಿ ಓದಿದ್ದೆ. ಅದು ಕೆತ್ತಿರುವ ಕಂಬದ ಎದುರೇ ನಿಂತು ಕೇಳಿದ್ದು ಅಂದೇ ಮೊದಲು. ಕದಂಬರಿಗಿಂತ ಹಿಂದೆಯೇ ಶಾತಕರ್ಣಿ ಮೊದಲಾದ ಅರಸರು ಇಲ್ಲಿನ ಶಿವನನ್ನು ಪೂಜಿಸಿದ್ದರೆಂದೂ ಕಂಬ ಹೇಳುತ್ತದೆ. ಅಜ್ಜನೆಂದದ್ದು ಯಾಕೆಂದು ಅಲ್ಲಿ ತಿಳಿಯಿತು.

ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬಳ್ಳಿಗಾವೆಯಲ್ಲಿ ನಮ್ಮ ಹೆಚ್ಚಿನ ಹೊತ್ತು ಕಳೆದದ್ದು ಕೇದಾರೇಶ್ವರದಲ್ಲಿ. ಮೂರು ಗರ್ಭಗುಡಿಗಳ ತ್ರಿಕೂಟವಿದು. ಎರಡರಲ್ಲಿ ಲಿಂಗ, ಒಂದರಲ್ಲಿ ವಿಷ್ಣು. ಆವರಣದ ಶಾಸನಕಲ್ಲುಗಳ ಬಳಿ ಬಂದಾಗ ಮೇಷ್ಟ್ರು ಅಕ್ಕನ ಚೀಲದೊಳಗಿನ ಪುಟ್ಟ ಕನ್ನಡಿಯನ್ನು ಕೇಳಿ ಪಡೆದು, ಬಿಸಿಲನ್ನು ಕಲ್ಲಿಗೆ ಓರೆಯಾಗಿ ಬೀಳಿಸಿದರು. ಬರಿಯ ಗೀರುಗಳಂತಿದ್ದವು ಅಕ್ಷರಗಳಾಗಿ ಎದ್ದು ಬಂದವು. (ಸೀಮೆಸುಣ್ಣ ಉಜ್ಜಿ ಓದುವವರು ಈಗಲೂ ಇದ್ದಾರೆ, ಕಲ್ಲಿಗೆ ಅದು ಒಳ್ಳೆಯದಲ್ಲ.) ಸವೆದ ಕಡೆ ಓದಿಕೊಳ್ಳಲು ಅವರು ಶಾಸನಪಾಠಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದ ಪುಟಗಳನ್ನು ಜೆರಾಕ್ಸ್ ಮಾಡಿಸಿ ತಂದಿದ್ದರು.

ಆ ಪುಟಗಳಿಂದ ಅವರು ಓದಿದ 1162ರ ಶಾಸನವೇ ನನ್ನ ಕಣ್ಣಿಗೆ ಪಟ್ಟಣವನ್ನು ಕಟ್ಟಿಕೊಟ್ಟಿತು. ಕೆರೆಯ ಕೋಡಿಯ ಬಳಿ ಇದ್ದ ಕಾಳಾಮುಖರೆಂಬ ಶೈವ ಪಂಥದವರ ಕೋಡಿಯ ಮಠದಲ್ಲಿ ನಾಲ್ಕು ವೇದಗಳ ಜೊತೆಗೆ ವ್ಯಾಕರಣ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳಷ್ಟೇ ಅಲ್ಲದೆ ಬೌದ್ಧ ದರ್ಶನಕ್ಕೂ ಸ್ಥಾನವಿತ್ತು. ದೀನರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು ಎಲ್ಲರಿಗೂ ಊಟವಿತ್ತು, ರೋಗಿಗಳಿಗೆ ಔಷಧವಿತ್ತು. ರೂಪಭಟ್ಟಯ್ಯನು 1065ರಲ್ಲಿ ಇದೇ ಊರಿನಲ್ಲಿ ಬೌದ್ಧ ವಿಹಾರ ಕಟ್ಟಿಸಿದ್ದನ್ನು ಇನ್ನೊಂದು ಶಾಸನ ಹೇಳುತ್ತದೆ. ಆ ವಿಹಾರ ಈಗಿಲ್ಲ. ಮೊದಲ ಸಲ ನಾನು ಬರೀ ನಿಂತಿರುವುದನ್ನಷ್ಟೇ ನೋಡಿದ್ದೆ. ಈ ಊರಿನ ಬಹುಪಾಲು ಉಳಿದಿರುವುದು ಬರಹದಲ್ಲಿ.

ತ್ರಿಪುರಾಂತಕ ಗುಡಿಯ ಕಲ್ಲಿನ ಜಾಲಂಧ್ರಗಳನ್ನೂ (ಕಿಂಡಿಗಳಿರುವ ಪರದೆಗಳು) ಪಂಚತಂತ್ರದ ಕೆತ್ತನೆಗಳನ್ನೂ ಊಟದ ನಂತರ ನೋಡಿದೆವು. ಬೇಲೂರಿನಲ್ಲಿ ಕೆಲಸ ಮಾಡಿದ ದಾಸೋಜ ಮತ್ತು ಅವನ ಮಗ ಚಾವಣ ಈ ಊರಿನವರೇ ಎಂದಾಗ, ಬೇಲೂರಿನಲ್ಲಿ ಮದನಿಕೆಯರೆದುರು ಫೋಟೋ ತೆಗೆಸಿಕೊಂಡಿದ್ದ ಭಾವ ಕೊಂಚ ಸಂಕೋಚಪಟ್ಟರು. ಅಲ್ಲಮಪ್ರಭು ಮದ್ದಳೆ ಬಾರಿಸಿದ್ದು ಯಾವ ಗುಡಿಯಲ್ಲೆಂದು ಅಕ್ಕ ಕೇಳಿದಳು. ಅದನ್ನು ಹೇಳಿದವನು ಕವಿ ಹರಿಹರ, ಕಲ್ಲಲ್ಲ ಎಂದು ಮೇಷ್ಟ್ರು ಉತ್ತರಿಸಿದರು; ಕಾವ್ಯವನ್ನು ಶಾಸನವೆಂದು ತೋರಿಸದ ಅವರ ಈ ಎಚ್ಚರ ನನಗೆ ಬಹಳ ಹಿಡಿಸಿತು.

ಬನವಾಸಿ ಪ್ರಾಂತ್ಯವನ್ನು ಆಳುತ್ತಿದ್ದ ಚಾಮುಂಡರಾಯರಸ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭದ ಬಳಿ ಬಂದಾಗ ಸಂಜೆಯಾಗಿತ್ತು. ಮನುಷ್ಯನ ಮೈಗೆ ಎರಡು ಹಕ್ಕಿತಲೆಗಳಿರುವ ಆ ಆಕೃತಿಯನ್ನು ಕತ್ತೆತ್ತಿ ನೋಡುತ್ತಿದ್ದಂತೆಯೇ ಬೆಳಕು ಇಳಿಯಿತು. ಅಕ್ಕಮಹಾದೇವಿಯ ಉಡುತಡಿ ಹತ್ತಿರದಲ್ಲೇ ಇದ್ದರೂ ಕತ್ತಲಲ್ಲಿ ಹೋಗಿ ಪ್ರಯೋಜನವಿಲ್ಲವೆಂದು ಮೇಷ್ಟ್ರು ತಡೆದರು. ಅದಕ್ಕೆ ಬನವಾಸಿಯನ್ನೂ ಸೇರಿಸಿ ಇನ್ನೊಂದು ದಿನ ಗೊತ್ತುಮಾಡಿಕೊಂಡೆವು. ಅಕ್ಕನ ಕನ್ನಡಿ ಅವರ ಚೀಲದಲ್ಲೇ ಉಳಿಯಿತು.