ಮೆಕ್ಕೆಜೋಳ ಮಾರಿದ ಮೇಲೆ ಫೀಸು

ಕಲಿಕೆ ಆ್ಯಪ್‌ಗೆ ವರ್ಷದಲ್ಲಿ ಯಾವ ತಿಂಗಳು ಜಾಸ್ತಿ ದುಡ್ಡು ಬರುತ್ತದೆ ಎಂದು ಕೇಳಿದರೆ ಎಲ್ಲರೂ ಜೂನ್ ಅನ್ನುತ್ತಾರೆ. ಶಾಲೆ ಶುರುವಾಗುವ ಹೊತ್ತು, ಅಲ್ವಾ? ನಾನೂ ಹಾಗೇ ಅಂದುಕೊಂಡು ಮೂರು ವರ್ಷ ಕಳೆದೆ. ನಮಗೆ ದುಡ್ಡು ಬರುವುದು ನವೆಂಬರ್‌ನಲ್ಲಿ. ದಾವಣಗೆರೆ, ಜಗಳೂರು, ಹರಪನಹಳ್ಳಿ ಕಡೆ ಮೆಕ್ಕೆಜೋಳ ಮಾರಿ ಕೈಗೆ ನಾಲ್ಕು ಕಾಸು ಸಿಗುವುದು ಆಗಲೇ. ಜೂನ್‌ನಲ್ಲಿ ಅದೇ ಮನೆಯವರು ಬೀಜ, ಗೊಬ್ಬರಕ್ಕೆ ಸಾಲ ಮಾಡಿ ಕೂತಿರುತ್ತಾರೆ. ಅವರ ಮುಂದೆ ನಿಂತು 499 ರೂಪಾಯಿ ಕೇಳಿದರೆ "ನೋಡಾಣ ಬಿಡ್ರಿ ಸರ್" ಅನ್ನುತ್ತಾರೆ. ಮಗನನ್ನು ಓದಿಸುವ ಆಸೆ ಅವರಿಗೆ ಕಡಿಮೆ ಇಲ್ಲ. ಆ ತಿಂಗಳು ಜೇಬಿನಲ್ಲಿ ದುಡ್ಡು ಇರುವುದಿಲ್ಲ, ಅಷ್ಟೇ.

ನಾನು ಮೊದಲು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಕೆಲವೇ ತಿಂಗಳಲ್ಲಿ ನನ್ನ ಕ್ಲಾಸಿನ ಮಕ್ಕಳು ಯೂಟ್ಯೂಬ್ ವಿಷಯ ಮಾತಾಡತೊಡಗಿದರು. ಇಂಗ್ಲಿಷ್‌ನಲ್ಲಿ, ಹಿಂದಿಯಲ್ಲಿ ಪಾಠಗಳು ಬೇಕಾದಷ್ಟಿದ್ದವು. ಕನ್ನಡ ಮಾಧ್ಯಮದ ಹುಡುಗಿಗೆ 'ಸಮಾಂತರ ಶ್ರೇಢಿ' ಅಂತ ಹುಡುಕಿದರೆ ಕೈಗೆ ಸಿಗುತ್ತಿದ್ದದ್ದು ಕಡಿಮೆ. ಹುಬ್ಬಳ್ಳಿಯ ಗೆಳೆಯನೊಬ್ಬ ಸಾಫ್ಟ್‌ವೇರ್ ಕೆಲಸದಲ್ಲಿದ್ದ. 2017ರಲ್ಲಿ ಇಬ್ಬರೂ ಕೆಲಸ ಬಿಟ್ಟು 8, 9, 10ನೇ ತರಗತಿಯ ಗಣಿತಕ್ಕೆ ಕನ್ನಡದ ಆ್ಯಪ್ ಮಾಡಲು ಕೂತೆವು. ಕೈಯಲ್ಲಿದ್ದದ್ದು ಆರು ಲಕ್ಷ. ಅದರಲ್ಲಿ ಅರ್ಧ ನನ್ನ ಪಿಎಫ್ ದುಡ್ಡು.

ಮೊದಲ ಆರು ತಿಂಗಳು ಪಾಠಕ್ಕಿಂತ ಅಕ್ಷರಕ್ಕೇ ಹೋಯಿತು. ಮೇಷ್ಟ್ರುಗಳ ಹತ್ತಿರ ಒಳ್ಳೊಳ್ಳೆ ಪ್ರಶ್ನೆಪತ್ರಿಕೆಗಳಿದ್ದವು, ಆದರೆ ಎಲ್ಲ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ. ಎಲ್ಲ ಫೋನಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಿಸಿದರೆ ಒತ್ತಕ್ಷರಗಳು ಕೆಡುತ್ತಿದ್ದವು, ರೇಫ (ಅರ್ಕಾವತ್ತು) ಜಾಗ ಬಿಟ್ಟು ಹೋಗುತ್ತಿತ್ತು. 'ವರ್ಗ ಸಮೀಕರಣ' ಎಂಬುದೇ ಓದಲಾಗದಂತೆ ಬರುತ್ತಿತ್ತು. ಸಾವಿರಾರು ಪ್ರಶ್ನೆಗಳನ್ನು ನನ್ನ ಹೆಂಡತಿ ಮತ್ತು ಇಬ್ಬರು ಹಳೇ ವಿದ್ಯಾರ್ಥಿಗಳು ಕೂತು ಒಂದೊಂದಾಗಿ ತಿದ್ದಿದರು. ಕನ್ನಡದಲ್ಲಿ ಇಂಥ ಕೆಲಸ ಶುರು ಮಾಡುವವರು ಇದಕ್ಕೆ ಮೊದಲೇ ದುಡ್ಡು, ದಿನ ಎರಡನ್ನೂ ಎತ್ತಿಡಿ.

ಆಮೇಲಿನ ತೊಡಕು ಫೋನು. ಹಳ್ಳಿ ಮಕ್ಕಳ ಕಲಿಕೆ ನೋಡುವ ಅಸರ್ ಸಮೀಕ್ಷೆಯ ಪ್ರಕಾರ 2018ರಲ್ಲಿ ದೇಶದ ಹಳ್ಳಿಗಳಲ್ಲಿ ಶಾಲೆಗೆ ಹೋಗುವ ಮಕ್ಕಳ ಮನೆಗಳ ಪೈಕಿ ಶೇ 36.5ರಲ್ಲಿ ಮಾತ್ರ ಸ್ಮಾರ್ಟ್‌ಫೋನ್ ಇತ್ತು. 2021ಕ್ಕೆ ಅದು ಶೇ 67.6 ಆಯಿತು. ಈ ಅಂಕಿ ನೋಡಿದರೆ ಯಾರಿಗೂ ಮಾರುಕಟ್ಟೆ ಬೆಳೆದಂತೆಯೇ ಕಾಣುತ್ತದೆ. ನಮ್ಮ ಸರ್ವರ್ ಬೇರೆ ಕಥೆ ಹೇಳುತ್ತಿತ್ತು. ಮಕ್ಕಳು ಪಾಠ ತೆರೆಯುತ್ತಿದ್ದದ್ದು ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ. ಫೋನ್ ಅಪ್ಪನದು, ಅಪ್ಪ ಮನೆಗೆ ಬರುವುದು ಎಂಟಕ್ಕೆ. ಅಣ್ಣ, ತಂಗಿ ಇಬ್ಬರಿದ್ದರೆ ಮೊದಲು ಫೋನ್ ಸಿಗುವುದು ಅಣ್ಣನಿಗೆ. ಆದ್ದರಿಂದ ಪಾಠಗಳನ್ನು ಏಳೆಂಟು ನಿಮಿಷಕ್ಕೆ ಇಳಿಸಿದೆವು. ಒಂದು ಸಲ ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಇಲ್ಲದೆಯೂ ನಡೆಯುವಂತೆ ಮಾಡಿದೆವು.

ಪಾಠ ಯಾವ ಮಟ್ಟದಿಂದ ಶುರುವಾಗಬೇಕು ಎನ್ನುವುದನ್ನು ನಾನು ದೆಹಲಿಯ ಒಂದು ಅಧ್ಯಯನದಿಂದ ಕಲಿತೆ. ಮೈಂಡ್‌ಸ್ಪಾರ್ಕ್ ಎಂಬ ಕಂಪ್ಯೂಟರ್ ಕಲಿಕೆಯ ಮೇಲೆ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ನಡೆಸಿದ್ದು, 2019ರಲ್ಲಿ ಪ್ರಕಟವಾಯಿತು. ಅಲ್ಲಿನ ಮಕ್ಕಳು ಗಣಿತದಲ್ಲಿ ತಮ್ಮ ತರಗತಿಗಿಂತ ಬಹಳ ಹಿಂದಿದ್ದರು. ಪ್ರತಿ ಮಗುವಿಗೂ ಅದು ಇರುವ ಮಟ್ಟದಿಂದಲೇ ಪಾಠ ಕೊಟ್ಟಾಗ ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಚೆನ್ನಾಗಿ ಮುಂದೆ ಬಂದರು. ಅದನ್ನು ಓದಿ ನಾವೂ ಮೊದಲ ದಿನ ಒಂದು ಸಣ್ಣ ಪರೀಕ್ಷೆ ಇಟ್ಟೆವು. 9ನೇ ತರಗತಿಯ ಎಷ್ಟೋ ಮಕ್ಕಳಿಗೆ ಭಾಗಾಕಾರ ಬರುತ್ತಿರಲಿಲ್ಲ. ಅವರಿಗೆ 5ನೇ ತರಗತಿಯಿಂದ ಪಾಠ ಶುರು ಮಾಡಿದೆವು.

ಒಂದು ವಾರಕ್ಕೇ ಜಗಳೂರು ಕಡೆಯಿಂದ ಒಬ್ಬ ತಂದೆಯ ಫೋನ್ ಬಂತು. "ಸರ್, ನಮ್ ಹುಡುಗ ಒಂಬತ್ನೇ ಕ್ಲಾಸು. ನೀವು ಭಾಗಾಕಾರ ತೋರಸ್ತೀರಲ್ರೀ? ಇದಕ್ಕಾ ನಾನು ದುಡ್ಡು ಕೊಟ್ಟಿದ್ದು?"

ನಾನು ಭಾನುವಾರ ಅವರ ಮನೆಗೆ ಹೋದೆ. ಹುಡುಗನಿಗೆ ಅಪ್ಪನ ಮುಂದೆಯೇ ಒಂದು ಲೆಕ್ಕ ಕೊಟ್ಟೆ. ಅವನು ಪೆನ್ಸಿಲ್ ಹಿಡಿದು ಸುಮ್ನೆ ಕೂತ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಎಲ್ಲಿಂದ ಬೇಕೋ ಅಲ್ಲಿಂದ ಹೇಳ್ಕೊಡ್ರಿ, ಸರ್" ಅಂದರು. ಆ ಹುಡುಗ ಮುಂದೆ ಗಣಿತದಲ್ಲಿ ಪಾಸಾದ. ಅವನು ಅಪ್ಪನ ಮುಂದೆ ತಲೆ ತಗ್ಗಿಸಿ ಕೂತದ್ದು ನನ್ನಿಂದ ಆಯಿತಲ್ಲ ಎಂಬ ನೋವು ನನಗೆ ಈಗಲೂ ಇದೆ. ಅಂದಿನಿಂದ ಮೊದಲ ಪರೀಕ್ಷೆಯ ಫಲಿತಾಂಶವನ್ನು ಮಗುವಿಗೇ ಬೇರೆಯಾಗಿ ಹೇಳುತ್ತೇವೆ.

ಇನ್ನು ಹೂಡಿಕೆಯ ವಿಷಯ. 2021ರಲ್ಲಿ ಕೊರೊನಾದಿಂದ ಶಾಲೆಗಳು ಎಷ್ಟೋ ತಿಂಗಳು ಮುಚ್ಚಿದ್ದವು. ಕಲಿಕೆ ಆ್ಯಪ್‌ಗಳಿಗೆ ಎಲ್ಲ ಕಡೆಯಿಂದ ದುಡ್ಡು ಹರಿಯುತ್ತಿತ್ತು. ಬೆಂಗಳೂರಿನ ಕಲಿಕೆ ಆ್ಯಪ್ ಕಂಪನಿ ಬೈಜೂಸ್ ಆ ವರ್ಷ ಆಕಾಶ್ ಕೋಚಿಂಗ್ ಸಂಸ್ಥೆಯನ್ನು ಸುಮಾರು 100 ಕೋಟಿ ಡಾಲರ್‌ಗೆ ಕೊಂಡಿತು. ಮರುವರ್ಷ ಬೈಜೂಸ್ ಕಂಪನಿಯ ಮೌಲ್ಯವನ್ನೇ 2,200 ಕೋಟಿ ಡಾಲರ್ ಎಂದು ಎಣಿಸಲಾಯಿತು. ಅಂಥ ಹೊತ್ತಿನಲ್ಲಿ ನಮ್ಮಂಥವರ ಬಾಗಿಲಿಗೂ ಹೂಡಿಕೆದಾರರು ಬಂದರು. ಒಂದು ಹೂಡಿಕೆ ಫಂಡ್ 80 ಲಕ್ಷ ಕೊಡಲು ಒಪ್ಪಿತು, ಎರಡು ಕಂತಿನಲ್ಲಿ. ಮೊದಲ ಕಂತು 35 ಲಕ್ಷ. ಉಳಿದದ್ದು, ದುಡ್ಡು ಕೊಟ್ಟು ಸೇರಿದವರ ಲೆಕ್ಕ ಎಂಟು ತಿಂಗಳೊಳಗೆ 20,000 ದಾಟಿದರೆ.

ಅಕ್ಟೋಬರ್‌ನಲ್ಲಿ ಸಹಿ ಹಾಕಿದೆವು. ನವೆಂಬರ್, ಡಿಸೆಂಬರ್ ಚೆನ್ನಾಗಿ ಹೋಯಿತು. ಮಾರ್ಚ್‌ವರೆಗೂ ಪರವಾಗಿಲ್ಲ, ಎಸ್ಎಸ್ಎಲ್‌ಸಿ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ತಾವಾಗೇ ಬರುತ್ತಾರೆ. ಪರೀಕ್ಷೆ ಮುಗಿದದ್ದೇ ಮಕ್ಕಳು ಅಜ್ಜಿ ಊರು ಸೇರಿದರು. ಗ್ರಾಫ್ ನೆಲಕ್ಕೆ ಬಂತು. ಫಂಡ್‌ನವರು ಪ್ರತಿ ತಿಂಗಳೂ ಹಿಂದಿನ ತಿಂಗಳಿಗಿಂತ ಹೆಚ್ಚು ಕೇಳುತ್ತಿದ್ದರು. ಬೇಸಿಗೆ ರಜೆ ಎಂಬ ಮಾತು ಅವರಿಗೆ ನೆಪದಂತೆ ಕೇಳಿಸುತ್ತಿತ್ತು.

ಗುರಿ ಮುಟ್ಟಲು 14 ಹುಡುಗರನ್ನು ಸೇಲ್ಸ್‌ಗೆ ತೆಗೆದುಕೊಂಡಿದ್ದೆವು. ವರ್ಷಕ್ಕೆ 499 ಎಂಬುದರ ಜೊತೆಗೆ ಮೂರು ವರ್ಷದ ಪ್ಯಾಕೇಜ್ ಒಂದನ್ನೂ ಮಾಡಿದೆವು, 6,000 ರೂಪಾಯಿ, ಇಎಂಐ ಮೇಲೆ. ಹೀಗೆ ಮಾಡಿ ಅಂದದ್ದು ಫಂಡ್‌ನವರು. ಒಪ್ಪಿದ್ದು ನಾನು. ಮೇ ತಿಂಗಳಲ್ಲಿ ಒಂದು ದಿನ ಇಎಂಐ ಅರ್ಜಿಗಳನ್ನು ನೋಡುತ್ತಿದ್ದಾಗ ಒಬ್ಬ ಹಮಾಲಿಯ ಅರ್ಜಿ ಕಂಡಿತು. ಸಹಿ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು ಇತ್ತು. ಫೋನ್ ಮಾಡಿ ಕೇಳಿದರೆ, ಅದು ಸಾಲ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಅವರ ಫೋನಿನಲ್ಲಿ ನಮ್ಮ ಆ್ಯಪ್ ಕೂರುವಷ್ಟು ಜಾಗವೂ ಇರಲಿಲ್ಲ. ಗೊತ್ತಿಲ್ಲದೆ ಸಾಲಕ್ಕೆ ಸಹಿ ಹಾಕಬೇಡಿ ಎಂದು ಕೇಂದ್ರ ಶಿಕ್ಷಣ ಇಲಾಖೆ 2021ರ ಡಿಸೆಂಬರ್‌ನಲ್ಲೇ ಪೋಷಕರಿಗೆ ಎಚ್ಚರಿಕೆ ಕೊಟ್ಟಿತ್ತು. ನಾನು ಅದನ್ನು ಓದಿಯೂ ಇದ್ದೆ.

ಅವತ್ತೇ ಪ್ಯಾಕೇಜ್ ನಿಲ್ಲಿಸಿದೆ. ಅದನ್ನು ಕೊಂಡ ಎಲ್ಲರಿಗೂ ದುಡ್ಡು ವಾಪಸ್ ಮಾಡಲು ಎರಡು ತಿಂಗಳು ಹಿಡಿಯಿತು. ಎರಡನೇ ಕಂತು ಬರಲಿಲ್ಲ. 14 ಹುಡುಗರಿಗೂ ಬೇರೆ ದಾರಿ ನೋಡಿಕೊಳ್ಳಿ ಎನ್ನಬೇಕಾಯಿತು. ಅದು ನನ್ನ ಜೀವನದ ಬಹಳ ಕಷ್ಟದ ವಾರ.

ಆಮೇಲೆ ಮನೆಮನೆಗೆ ಮಾರುವುದನ್ನು ಬಿಟ್ಟು ಶಾಲೆಗಳಿಗೆ, ಟ್ಯೂಷನ್ ಮೇಷ್ಟ್ರುಗಳಿಗೆ ಹೋದೆವು. ಮಗುವಿಗೆ ವರ್ಷಕ್ಕೆ 300 ರೂಪಾಯಿ. ಜೂನ್‌ನಲ್ಲಿ 100, ನವೆಂಬರ್‌ನಲ್ಲಿ 200. ಮೊದಲು ಮೊಬೈಲ್‌ನಲ್ಲೇ ತಿಂಗಳ ಕಂತು ತಾನಾಗಿ ಕಡಿತವಾಗುವಂತೆ ಮಾಡಿ ನೋಡಿದ್ದೆವು. ಖಾತೆಯಲ್ಲಿ ದುಡ್ಡಿಲ್ಲದೆ ಅರ್ಧಕ್ಕರ್ಧ ಸೋಲುತ್ತಿತ್ತು. ಈಗ ಮೇಷ್ಟ್ರೇ ಸಂಗ್ರಹಿಸಿ ಕೊಡುತ್ತಾರೆ. ಶಾಲೆಯ ಹಳೇ ಕಂಪ್ಯೂಟರ್ ಕೋಣೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಇಡುತ್ತೇವೆ. ಎಲ್ಲ ಪಾಠ ಅದರಲ್ಲೇ ಇರುತ್ತದೆ, ನೆಟ್ ಬೇಡ. ವಾರಕ್ಕೆ ಎರಡು ಪೀರಿಯಡ್. ಅಣ್ಣನ ಸರದಿ ಮುಗಿಯಲಿ ಎಂದು ತಂಗಿ ಕಾಯಬೇಕಿಲ್ಲ.

ಪುಕ್ಕಟೆ ಸಿಗುವುದೂ ಬಹಳ ಇದೆ. 2017ರಲ್ಲಿ ಶುರುವಾದ ಸರ್ಕಾರದ ಕಲಿಕೆ ಆ್ಯಪ್ ದೀಕ್ಷಾ ಇದೆ, ಪಠ್ಯಪುಸ್ತಕದಲ್ಲೇ ಅದರ ಕ್ಯೂಆರ್ ಕೋಡ್ ಇರುತ್ತದೆ. ಅಕ್ಷರ ಎಂಬ ಸ್ವಯಂಸೇವಾ ಸಂಸ್ಥೆ ಅಕ್ಷರ ಫೌಂಡೇಶನ್‌ನವರ ಬಿಲ್ಡಿಂಗ್ ಬ್ಲಾಕ್ಸ್ ಗಣಿತದ ಆಟಗಳಿವೆ. ಅವುಗಳ ಜೊತೆ ಪೈಪೋಟಿ ಮಾಡುವುದಿಲ್ಲ, ನಾವೇ ಶಾಲೆಗಳಿಗೆ ತೋರಿಸುತ್ತೇವೆ. ಮೇಷ್ಟ್ರು ನಮಗೆ ದುಡ್ಡು ಕೊಡುವುದು, ಯಾವ ಮಗು ಎಲ್ಲಿ ಎಡವುತ್ತಿದೆ ಎಂಬ ಪಟ್ಟಿ ಪ್ರತಿ ಶನಿವಾರ ಅವರ ಕೈಗೆ ಸಿಗುತ್ತದೆ ಎಂದು.

ಈಗ 71 ಶಾಲೆ ಮತ್ತು ಟ್ಯೂಷನ್ ಸೇರಿ ಸುಮಾರು 9,400 ಮಕ್ಕಳಿದ್ದಾರೆ. ಡೌನ್‌ಲೋಡ್ ಲೆಕ್ಕ ಇಡುವುದನ್ನು ಬಿಟ್ಟಿದ್ದೇವೆ. ಸೇರಿದ ಮೂರನೇ ತಿಂಗಳಲ್ಲೂ ಪಾಠ ತೆರೆಯುತ್ತಿರುವವರು ಎಷ್ಟು ಎಂಬ ಒಂದೇ ಲೆಕ್ಕ ಗೋಡೆಯ ಮೇಲೆ ಬರೆಯುತ್ತೇವೆ. ಆರು ಜನ ಕೆಲಸಕ್ಕಿದ್ದಾರೆ, ಸಂಬಳ ತಪ್ಪಿಲ್ಲ.

2024ರ ಜುಲೈನಲ್ಲಿ ಬೈಜೂಸ್ ದಿವಾಳಿ ಪ್ರಕ್ರಿಯೆಗೆ ಹೋದ ಮೇಲೆ ಕಲಿಕೆ ಆ್ಯಪ್ ಎಂದರೆ ಹೂಡಿಕೆದಾರರಷ್ಟೇ ಅಲ್ಲ, ಶಾಲೆಯವರೂ ಹಿಂದೆಮುಂದೆ ನೋಡತೊಡಗಿದರು. ನಮಗೆ ಹೊಸ ಪಾಠ ಮಾಡಲು ದುಡ್ಡು ಬೇಕಿತ್ತು, ವಿಜ್ಞಾನ ಬಾಕಿ ಇತ್ತು. ಕೊನೆಗೆ 15 ಲಕ್ಷ ಹಾಕಿದ್ದು ದಾವಣಗೆರೆಯದೇ ಒಬ್ಬ ದಲ್ಲಾಳಿ ಅಂಗಡಿಯ ಯಜಮಾನರು. ನಾನು ಹಳೇ ಅಭ್ಯಾಸದಂತೆ ಲ್ಯಾಪ್‌ಟಾಪ್ ತೆರೆದು ಏಪ್ರಿಲ್, ಮೇ ಯಾಕೆ ಇಳಿದಿದೆ ಎಂದು ವಿವರಿಸಲು ಹೊರಟೆ. ಅವರು ಕೈ ಅಡ್ಡ ಹಿಡಿದು, "ಅದು ಬಿಡ್ರಿ ಮೇಷ್ಟ್ರೇ, ನಮ್ದೂ ಸೀಸನ್ ವ್ಯಾಪಾರನೇ ಅಲ್ವಾ. ನವೆಂಬರ್‌ದು ತೋರಿಸ್ರಿ" ಅಂದರು.

ವರ್ಷಕ್ಕೊಮ್ಮೆ, ಡಿಸೆಂಬರ್‌ನಲ್ಲಿ, ಅವರು ಲೆಕ್ಕ ಕೇಳುತ್ತಾರೆ. ಈ ಸಲ ಮಳೆ ತಡವಾಯಿತು, ಕಟಾವೂ ತಡವಾಗಲಿದೆ. ಮಕ್ಕಳ ಫೀಸಿನ ಎರಡನೇ ಕಂತನ್ನು ಹದಿನೈದು ದಿನ ಮುಂದಕ್ಕೆ ಹಾಕಿ ಎಲ್ಲ ಶಾಲೆಗಳಿಗೂ ಹೇಳಿದ್ದೇವೆ. ಬೆಳಿಗ್ಗೆ ಆಫೀಸಿಗೆ ಬಂದವನೇ ನಾನು ಎಪಿಎಂಸಿ ಮಾರುಕಟ್ಟೆಯ ಮೆಕ್ಕೆಜೋಳದ ದರ ನೋಡಿಕೊಂಡು, ಆಮೇಲೆ ಸರ್ವರ್ ತೆರೆಯುತ್ತೇನೆ.