ಬೀಗದ ಕೈ ಯಾರ ಜೇಬಲ್ಲಿ? ಪಲ್ಪರ್ ಮನೆಗೆ ಲಾಕ್‌ಔಟ್ ಸಾಮಾನು ಕೊಳ್ಳುವ ಮುಂಚೆ

ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಹಳೇ ಕಾಲದ ಎಲೆಕ್ಟ್ರಿಷಿಯನ್‌ಗಳು ಮೋಟಾರಿಗೆ ಕೈ ಹಾಕುವ ಮುಂಚೆ ಪಿಂಗಾಣಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಫ್ಯೂಸ್ ಇಲ್ಲದೆ ಯಾರು ಆನ್ ಮಾಡ್ತಾರೆ? ಈಗ ಬೋರ್ಡ್ ತುಂಬಾ ಎಂಸಿಬಿ, ಅಂದರೆ ಲೋಡು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು. ಅದನ್ನು ಕಿತ್ತು ಜೇಬಿಗೆ ಹಾಕೋಕಾಗಲ್ಲ, ಅಲ್ವಾ? ಅದಕ್ಕೇ ಬೀಗ. ಆಫ್ ಮಾಡಿ ಬೀಗ ಜಡಿದರೆ ಲಾಕ್‌ಔಟ್, ಅದಕ್ಕೆ ತೂಗುಹಾಕುವ ಎಚ್ಚರಿಕೆ ಚೀಟಿ ಟ್ಯಾಗ್‌ಔಟ್.

ಮೂಡಿಗೆರೆ, ಸಕಲೇಶಪುರದ ಕಡೆ ಅರೇಬಿಕಾ ಕೊಯ್ಲು ನವೆಂಬರ್‌ ಹೊತ್ತಿಗೆ ಶುರು. ಅಷ್ಟರೊಳಗೆ ಈ ಕೆಲಸ ಮುಗಿಸಿ.

ಮೊದಲು ಅಂಗಡಿಗೆ ಹೋಗಬೇಡಿ, ಬೋರ್ಡಿನ ಮುಂದೆ ನಿಲ್ಲಿ. ಪಲ್ಪರಿಗೆ ಕರೆಂಟು ಎಲ್ಲೆಲ್ಲಿಂದ ಬರುತ್ತೆ? ಲೈನಿನಿಂದ ಒಂದು, ಜನರೇಟರಿನಿಂದ ಇನ್ನೊಂದು. ಇವೆರಡರಲ್ಲಿ ಒಂದನ್ನು ಆರಿಸುವ ಚೇಂಜ್‌ಓವರ್ ಸ್ವಿಚ್‌ಗೂ ಬೀಗ ಬೇಕು. ಪಂಪಿಗೆ ಆಟೋ ಸ್ಟಾರ್ಟರ್ ಇದ್ದರಂತೂ ಭಯ ಜಾಸ್ತಿ: ಹೋದ ಕರೆಂಟು ಬಂದ ತಕ್ಷಣ ಯಾರೂ ಮುಟ್ಟದೆಯೇ ಮೋಟಾರು ಓಡುತ್ತೆ. ಪ್ರತಿ ಸ್ವಿಚ್ಚಿನ ಫೋಟೊ ತೆಗೆದುಕೊಳ್ಳಿ.

ಎಂಸಿಬಿಗೆ ಹಾಕುವ ಲಾಕ್ ಒಂದೇ ನಮೂನೆಯಲ್ಲ. ಕೆಲವು ಎಂಸಿಬಿಗಳಲ್ಲಿ ಗುಬುಟಿನ ಪಕ್ಕ ಸಣ್ಣ ತೂತಿರುತ್ತೆ, ಲಾಕಿನ ಪಿನ್ನು ಅದರೊಳಗೆ ಕೂರಬೇಕು. ತ್ರೀ ಫೇಸಿನದರಲ್ಲಿ ಗುಬುಟುಗಳನ್ನು ಸೇರಿಸಿದ ಪಟ್ಟಿಯಿದ್ದರೆ ಅದಕ್ಕೇ ಬೇರೆ ಲಾಕು. ಫೋಟೊ ತೋರಿಸದೆ ಕೊಂಡರೆ ದುಡ್ಡು ದಂಡ.

ಬೀಗ ಆಳಿಗೊಂದು. ಹತ್ತಕ್ಕೂ ಒಂದೇ ಕೈ ಇರುವ ಸೆಟ್ಟು ಅಗ್ಗಕ್ಕೆ ಸಿಗುತ್ತೆ, ಖಂಡಿತ ಬೇಡ. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಇರುವ ಕೈಯಿಂದ ಮೆಕ್ಯಾನಿಕ್ ಹಾಕಿದ ಬೀಗ ತೆಗೆಯುವಂತಿದ್ದರೆ ಅದು ಸುಮ್ನೆ ಶೋಕಿ. ವಿದ್ಯುತ್ ಬೋರ್ಡಿಗೆ ನೈಲಾನ್ ಕೊಂಡಿಯದು ಒಳ್ಳೇದು. ಇಬ್ಬರು ಮೂವರು ಒಟ್ಟಿಗೆ ಕೆಲಸ ಮಾಡುವಾಗ ಹಲವು ತೂತಿನ ಹ್ಯಾಸ್ಪ್ ಬೇಕು, ಅಂದರೆ ಎಲ್ಲರ ಬೀಗವೂ ಒಟ್ಟಿಗೆ ಕೂರುವ ಕೊಂಡಿ. ಕೊನೆಯವನು ತನ್ನ ಬೀಗ ತೆಗೆಯುವವರೆಗೂ ಸ್ವಿಚ್ಚು ಅಲ್ಲಾಡಲ್ಲ.

ಟ್ಯಾಗಿನ ಮೇಲೆ ಹೆಸರು, ತಾರೀಕು, ಫೋನ್ ನಂಬರ್. ಬೀಗದ ಕೈ ಜೇಬಲ್ಲೇ ಮರೆತು ಸಂತೆಗೆ ಹೋಗುವವರು ಇದ್ದೇ ಇರುತ್ತಾರೆ, ನಂಬರ್ ಅದಕ್ಕೇ! ಕನ್ನಡ ಓದಲು ಬಾರದ ಅಸ್ಸಾಂ ಕಡೆಯ ಕೆಲಸಗಾರರಿದ್ದರೆ ‘ನಿಲ್ಲು’ ಅನ್ನುವ ಅಂಗೈಯ ಚಿತ್ರವೂ ಇರಲಿ. ಪಲ್ಪರ್ ಮನೆ ಸದಾ ಒದ್ದೆ, ಕಾಗದದ್ದು ಎರಡು ದಿನ ಬಾಳಲ್ಲ. ಅಮೆರಿಕದಲ್ಲಿ 1989ರಲ್ಲಿ ಬಂದ ನಿಯಮದ ಪ್ರಕಾರ ಟ್ಯಾಗಿನ ದಾರ ಸುಮಾರು 23 ಕೆಜಿ ಎಳೆತ ತಡೆಯಬೇಕು. ಗಟ್ಟಿ ನೈಲಾನ್ ಕೇಬಲ್ ಟೈ ಹಾಕಿ, ಸಣಬಿನ ದಾರ ಬೇಡ.

ಬೀಗಕ್ಕೆ ನಿಲ್ಲದ್ದೂ ಒಂದಿದೆ. ಹಣ್ಣಿನ ಜೊತೆ ಕಲ್ಲು ಬಂದು ಡ್ರಮ್ಮು ಸಿಕ್ಕಿಕೊಂಡಾಗ ಬೆಲ್ಟು ಬಿಗಿದೇ ಇರುತ್ತೆ. ಕಲ್ಲು ಕಿತ್ತ ಕ್ಷಣ ಡ್ರಮ್ಮು ಜಗ್ಗಿ ತಿರುಗಿ ಬೆರಳು ಎಳೆದುಕೊಳ್ಳಬಹುದು. ಬೆಲ್ಟು ಕಳಚಿಯೇ ಕೈ ಹಾಕಿ.

ಅದಕ್ಕೂ ಮುಂಚೆ, ಬೀಗ ಹಾಕಿದ ಮೇಲೆ, ಯಂತ್ರದ ಹತ್ತಿರ ಯಾರೂ ಇಲ್ಲ ಅಂತ ನೋಡಿಕೊಂಡು ಹಸಿರು ಗುಂಡಿ ಒತ್ತಿ. ಮೋಟಾರು ಗುಂಯ್ ಅಂದರೆ, ನೀವು ಬೀಗ ಹಾಕಿದ್ದು ಬೇರೆ ಸ್ವಿಚ್ಚಿಗೆ.